ಸೋರುವ ಕಿವಿ ಸುಮ್ಮನಾದಾಗ



ಮಕ್ಕಳ ಕಿವಿ ಸೋರುವುದು ನಮ್ಮ ಮನೆಗಳಿಗೆ ಹೊಸ ಸಂಗತಿಯೇನಲ್ಲ. ಮಳೆಗಾಲದ ನೆಗಡಿಯ ಬೆನ್ನಿಗೆ ಬಂದು, ಹತ್ತಿಯ ಉಂಡೆಯೊಂದನ್ನು ಕಿವಿಗೆ ಇಡಿಸಿಕೊಂಡು, ಬೇಸಿಗೆ ಕಾಲಿಟ್ಟೊಡನೆ ಹೊರಟುಹೋಗುವ ನೆಂಟನಂತೆ ಅದನ್ನು ಕಾಣುತ್ತ ಬಂದಿದ್ದೇವೆ. ‘ಚಿಕ್ಕಂದಿನಲ್ಲಿ ನನಗೂ ಸೋರುತ್ತಿತ್ತು, ದೊಡ್ಡವಳಾದ ಮೇಲೆ ತಾನಾಗಿ ನಿಂತಿತು’ ಎಂದು ಮನೆಯ ಅಜ್ಜಿ ಹೇಳುವುದುಂಟು. ಅವರ ಮಾತು ಸುಳ್ಳಲ್ಲ. ಬಹುಪಾಲು ಮಕ್ಕಳಲ್ಲಿ ಹಾಗೆಯೇ ಆಗುತ್ತದೆ. ಆದರೆ ಎಲ್ಲ ಕಿವಿಗಳೂ ಒಂದೇ ಕಾರಣಕ್ಕೆ ಸೋರುವುದಿಲ್ಲ, ಎಲ್ಲ ಕಿವಿಗಳೂ ಒಂದೇ ಕಾರಣಕ್ಕೆ ಸೋರುವುದನ್ನು ನಿಲ್ಲಿಸುವುದೂ ಇಲ್ಲ.

ಈ ತಿಂಗಳು ನಾವು ಓದುಗರ ಮುಂದಿಡಬಯಸುವುದು ಒಂದೇ ವಿಷಯ. ಬಹುಕಾಲ ಸೋರುತ್ತಿದ್ದ ಮಗುವಿನ ಕಿವಿ ಹಠಾತ್ತನೆ ಸೋರುವುದನ್ನು ನಿಲ್ಲಿಸಿ, ಅದೇ ಹೊತ್ತಿಗೆ ತಲೆನೋವು, ವಾಂತಿ, ಮಂಪರು ಕಾಣಿಸಿಕೊಂಡರೆ, ಅದನ್ನು ರೋಗ ವಾಸಿಯಾದ ಗುರುತೆಂದು ತಿಳಿಯಬಾರದು. ಹೊರಗೆ ಹರಿಯುತ್ತಿದ್ದ ಕೀವು ಒಳಗಿನ ದಾರಿ ಹಿಡಿದಿರಬಹುದು. ಆ ದಾರಿಯ ಕೊನೆಯಲ್ಲಿರುವುದು ಮಿದುಳು.

ಕಿವಿಗೂ ಮಿದುಳಿಗೂ ಎಷ್ಟು ದೂರ?

ನಾವು ಕಣ್ಣಿಂದ ಕಾಣುವುದು ಹೊರಗಿವಿಯನ್ನು ಮಾತ್ರ. ಅದರ ಕೊಳವೆಯ ಕೊನೆಯಲ್ಲಿ ತೆಳುವಾದ ಪೊರೆಯೊಂದು ಬಿಗಿದಿದೆ. ಅದೇ ಕಿವಿಯ ತಮಟೆ. ತಮಟೆಯ ಹಿಂದಿನ ಪುಟ್ಟ ಗೂಡು ನಡುಗಿವಿ. ಈ ಗೂಡಿನಿಂದ ಮೂಗಿನ ಹಿಂಭಾಗಕ್ಕೆ ಸಣ್ಣದೊಂದು ನಾಳವಿದೆ. ದೊಡ್ಡವರಲ್ಲಿ ಅದು ಉದ್ದವಾಗಿ ಇಳಿಜಾರಾಗಿರುತ್ತದೆ; ಮಕ್ಕಳಲ್ಲಿ ಗಿಡ್ಡವಾಗಿ ಹೆಚ್ಚು ಕಡಿಮೆ ಮಟ್ಟಸವಾಗಿರುತ್ತದೆ. ಆದುದರಿಂದಲೇ ಮಕ್ಕಳ ನೆಗಡಿ ಸುಲಭವಾಗಿ ಕಿವಿಗೆ ಏರುತ್ತದೆ. ನಡುಗಿವಿಯಲ್ಲಿ ಕೀವು ತುಂಬಿ, ಒತ್ತಡ ತಾಳದೆ ತಮಟೆ ತೂತಾದಾಗ ಕಿವಿ ಸೋರುತ್ತದೆ.

ನಡುಗಿವಿಯ ಛಾವಣಿ ತೆಳ್ಳನೆಯ ಎಲುಬಿನ ಹಾಳೆ. ಹಲವರಲ್ಲಿ ಅದು ಒಂದು ಮಿಲಿಮೀಟರಿಗಿಂತಲೂ ತೆಳುವಾಗಿರುತ್ತದೆ. ಅದರ ಮೇಲೆಯೇ ಮಿದುಳಿನ ಪಕ್ಕದ ಹಾಲೆ ಒರಗಿದೆ. ಕಿವಿಯ ಹಿಂದೆ ಕೈಗೆ ಸಿಗುವ ಉಬ್ಬಿದ ಎಲುಬನ್ನು ವೈದ್ಯರು ಮ್ಯಾಸ್ಟಾಯ್ಡ್ ಎನ್ನುತ್ತಾರೆ. ಅದರೊಳಗೆ ಜೇನುಹುಟ್ಟಿನಂತಹ ಸಣ್ಣ ಸಣ್ಣ ಗೂಡುಗಳಿವೆ. ಅದರ ಹಿಂದೆ ದೇಹದ ಸಮತೋಲ ಕಾಯುವ ಕಿರುಮಿದುಳಿದೆ. ಕೀವು ಈ ಎಲುಬನ್ನು ಕೊರೆದರೆ, ಇಲ್ಲವೇ ಅದರೊಳಗಿನ ಸಣ್ಣ ರಕ್ತನಾಳಗಳ ಮೂಲಕ ಸಾಗಿದರೆ, ಈ ಎರಡು ಸ್ಥಳಗಳಲ್ಲೊಂದರಲ್ಲಿ ನೆಲೆಯೂರಿ ಗಡ್ಡೆಗಟ್ಟುತ್ತದೆ. ಇದನ್ನೇ ವೈದ್ಯರು ಬ್ರೈನ್ ಆಬ್ಸೆಸ್ ಎನ್ನುವುದು. ನಾವು ಮಿದುಳಿನ ಕುರು ಎನ್ನೋಣ.

ಇದು ಬಡವರ ರೋಗ, ಹಳ್ಳಿಯವರ ರೋಗ ಎಂಬ ಭಾವನೆ ಕೆಲವರಲ್ಲಿದೆ. ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಐರ್ಲೆಂಡಿನ ಪ್ರಖ್ಯಾತ ಸಾಹಿತಿ ಆಸ್ಕರ್ ವೈಲ್ಡ್ 1900ರ ನವೆಂಬರ್ 30ರಂದು ಪ್ಯಾರಿಸ್ಸಿನಲ್ಲಿ ತೀರಿಕೊಂಡಾಗ ಅವನಿಗೆ 46 ವರ್ಷ. ಕಿವಿಯ ರೋಗಕ್ಕೆ ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳೂ ಕಳೆದಿರಲಿಲ್ಲ. ಸೋಂಕು ಮಿದುಳಿನ ಪೊರೆಗೆ ಹಬ್ಬಿತ್ತು. ಅವನ ತಂದೆ ಸರ್ ವಿಲಿಯಂ ವೈಲ್ಡ್ ಡಬ್ಲಿನ್ ನಗರದ ಹೆಸರಾಂತ ಕಿವಿ ವೈದ್ಯ. ಪೆನಿಸಿಲಿನ್ ಇಲ್ಲದಿದ್ದ ಆ ಕಾಲದಲ್ಲಿ ವೈದ್ಯರ ಮನೆಯ ಮಗನೂ ಉಳಿಯಲಿಲ್ಲ. ಇಂದು ನಮ್ಮ ಕೈಯಲ್ಲಿ ಔಷಧಿಯಿದೆ, ಯಂತ್ರವಿದೆ, ಶಸ್ತ್ರವೈದ್ಯರಿದ್ದಾರೆ. ಕೊರತೆ ಬೀಳುವುದು ಬಹುತೇಕ ಸಕಾಲಕ್ಕೆ ಗುರುತಿಸುವುದರಲ್ಲಿ.

ಎರಡು ಬಗೆಯ ಸೋರಿಕೆ

ಧಾರಾಳವಾಗಿ, ಲೋಳೆಯಂತೆ, ವಾಸನೆಯಿಲ್ಲದೆ ಸೋರುವ ಕಿವಿಯನ್ನು ಕಂಡು ತಾಯಂದಿರು ಗಾಬರಿಯಾಗುವುದು ಸಹಜ. ಆದರೆ ವೈದ್ಯರು ಹೆಚ್ಚು ಹೆದರುವುದು ಇದಕ್ಕಲ್ಲ. ಈ ಬಗೆಯಲ್ಲಿ ತಮಟೆಯ ನಡುಭಾಗ ತೂತಾಗಿರುತ್ತದೆ. ಕೇಳುವ ಶಕ್ತಿ ಕುಂದಬಹುದೇ ಹೊರತು ಅಪಾಯದ ಸಂಭವ ಕಡಿಮೆ.

ಇನ್ನೊಂದು ಬಗೆಯಲ್ಲಿ ಸೋರಿಕೆ ಬಹಳ ಕಡಿಮೆ. ದಿಂಬಿನ ಮೇಲೆ ಒಂದು ಹಳದಿ ಕಲೆ, ಕೆಲವೊಮ್ಮೆ ರಕ್ತದ ಎಳೆ, ಅಷ್ಟೆ. ಆದರೆ ದುರ್ವಾಸನೆ ಮಾತ್ರ ಪಕ್ಕದಲ್ಲಿ ಕುಳಿತವರಿಗೂ ತಿಳಿಯುವಷ್ಟು. ನೋವಿಲ್ಲವಾದ್ದರಿಂದ ಮಗು ದೂರುವುದಿಲ್ಲ. ಇಲ್ಲಿ ಹೊರಗಿರಬೇಕಾದ ಚರ್ಮದ ಪದರವು ತಮಟೆಯ ಅಂಚಿನಿಂದ ನಡುಗಿವಿಯೊಳಗೆ ನುಗ್ಗಿ, ಚೀಲದಂತೆ ಬೆಳೆದು, ಸುತ್ತಲಿನ ಎಲುಬನ್ನು ಗೆದ್ದಲಿನಂತೆ ತಿನ್ನುತ್ತಿರುತ್ತದೆ. ಇದಕ್ಕೆ ಕೊಲೆಸ್ಟಿಯಟೋಮ ಎಂದು ಹೆಸರು. ಹೆಸರು ಉದ್ದವಾಗಿದ್ದರೂ ನೆನಪಿಡಬೇಕಾದ ಸೂತ್ರ ಚಿಕ್ಕದು: ಸೋರಿಕೆ ಕಡಿಮೆ, ವಾಸನೆ ಹೆಚ್ಚು ಎಂದಾದರೆ ಅಪಾಯ ಹೆಚ್ಚು. ಈ ಕಾಯಿಲೆ ಕಿವಿಯ ಹನಿಮದ್ದಿನಿಂದಾಗಲೀ ಮಾತ್ರೆಯಿಂದಾಗಲೀ ವಾಸಿಯಾಗುವುದಿಲ್ಲ. ಕೀವು ತಾತ್ಕಾಲಿಕವಾಗಿ ಒಣಗಬಹುದು. ಚರ್ಮದ ಚೀಲ ಅಲ್ಲಿಯೇ ಇರುತ್ತದೆ. ಶಸ್ತ್ರಚಿಕಿತ್ಸೆಯೊಂದೇ ಅದಕ್ಕೆ ಮದ್ದು.

ರೋಗ ನಡೆಯುವ ಬಗೆ

ಈ ರೋಗದಲ್ಲಿ ಎರಡು ಮೌನಗಳಿವೆ. ಎರಡೂ ಮೋಸದವು.

ಮೊದಲನೆಯದು ಕಿವಿಯ ಮೌನ. ವರ್ಷಗಟ್ಟಲೆ ಸೋರುತ್ತಿದ್ದ ಕಿವಿ ಒಣಗಿದಂತಾಗುತ್ತದೆ. ಔಷಧಿಯಿಂದ ಒಣಗಿ ಮಗು ಲವಲವಿಕೆಯಿಂದಿದ್ದರೆ ಅದು ಸಂತೋಷದ ಸಂಗತಿಯೇ. ಆದರೆ ಒಣಗಿದ ಕಿವಿಯೊಡನೆ ಜ್ವರ, ಚಳಿ, ಆ ಪಕ್ಕದಲ್ಲೇ ತಲೆನೋವು ಬಂದರೆ ಸಂದೇಹಪಡಬೇಕು. ಈ ಹಂತದಲ್ಲಿ ಮಿದುಳಿನ ಆ ಭಾಗ ಊದಿಕೊಂಡಿರುತ್ತದೆ. ಇನ್ನೂ ಗಡ್ಡೆ ಕಟ್ಟಿರುವುದಿಲ್ಲ.

ಎರಡನೆಯದು ಮಗುವಿನ ಮೌನ. ಕೆಲವು ದಿನಗಳ ನಂತರ ದೇಹವು ಕೀವಿನ ಸುತ್ತ ಗೋಡೆ ಕಟ್ಟತೊಡಗುತ್ತದೆ. ಗೋಡೆ ಗಟ್ಟಿಯಾಗಲು ಸುಮಾರು ಎರಡು ವಾರ ಬೇಕು. ಆ ಅವಧಿಯಲ್ಲಿ ಜ್ವರ ಇಳಿಯುತ್ತದೆ, ತಲೆನೋವು ತಗ್ಗುತ್ತದೆ. ‘ಗುಣವಾಯಿತು’ ಎಂದುಕೊಂಡು ಮಗುವನ್ನು ಶಾಲೆಗೂ ಕಳಿಸುತ್ತೇವೆ. ಆದರೆ ಸೂಕ್ಷ್ಮವಾಗಿ ನೋಡುವ ತಾಯಿಗೆ ಏನೋ ವ್ಯತ್ಯಾಸ ಕಾಣುತ್ತದೆ. ಮಗು ಆಟಕ್ಕೆ ಹೋಗುತ್ತಿಲ್ಲ, ಕರೆದರೆ ತಡವಾಗಿ ಓಗೊಡುತ್ತದೆ, ಊಟ ಸೇರುತ್ತಿಲ್ಲ, ಅಕ್ಷರ ಸೊಟ್ಟವಾಗುತ್ತಿದೆ. ಇದನ್ನು ಸೋಮಾರಿತನವೆಂದು ಗದರಬೇಡಿ.

ಆ ಬಳಿಕ ಗಡ್ಡೆ ಹಿಗ್ಗುತ್ತದೆ. ತಲೆಬುರುಡೆ ಹಿಗ್ಗುವುದಿಲ್ಲ. ಒಳಗಿನ ಒತ್ತಡ ಏರಿ ತೀವ್ರ ತಲೆನೋವು, ಬೆಳಗಿನ ಹೊತ್ತು ಬುಗ್ಗೆಯಂತೆ ಚಿಮ್ಮುವ ವಾಂತಿ, ಹೆಚ್ಚುತ್ತ ಹೋಗುವ ಮಂಪರು ಕಾಣಿಸುತ್ತವೆ. ಕುರು ಪಕ್ಕದ ಹಾಲೆಯಲ್ಲಿದ್ದರೆ ಪಿಟ್ಸ್ ಬರಬಹುದು, ಗೊತ್ತಿರುವ ವಸ್ತುಗಳ ಹೆಸರು ಬಾಯಿಗೆ ಬಾರದಿರಬಹುದು. ಕಿರುಮಿದುಳಿನಲ್ಲಿದ್ದರೆ ನಡಿಗೆ ತೂರಾಡುತ್ತದೆ, ಲೋಟ ಹಿಡಿಯುವ ಕೈ ನಡುಗುತ್ತದೆ, ಕಣ್ಣುಗುಡ್ಡೆ ಅದುರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಜ್ವರವಿಲ್ಲವೆಂದು ಧೈರ್ಯ ತಂದುಕೊಳ್ಳಬಾರದು. ಜ್ವರ, ತಲೆನೋವು, ಕೈಕಾಲಿನ ಅಥವಾ ಮಾತಿನ ದೋಷ ಈ ಮೂರೂ ಒಟ್ಟಿಗೆ ಕಾಣುವುದು ಮಿದುಳಿನ ಕುರು ಇರುವ ಐವರಲ್ಲಿ ಸುಮಾರು ಒಬ್ಬರಲ್ಲಿ ಮಾತ್ರ.

ಪತ್ತೆ ಹಚ್ಚುವುದು ಹೇಗೆ?

ವಾಂತಿಯೊಡನೆ ಬಂದ ಮಗುವನ್ನು ನೋಡಿದ ವೈದ್ಯರಿಗೆ ಮೊದಲು ಹೊಟ್ಟೆಯ ತೊಂದರೆ ನೆನಪಾಗುವುದು ಸಹಜ. ತಲೆನೋವೆಂದರೆ ಕನ್ನಡಕ, ಮೈಗ್ರೇನ್, ಟೈಫಾಯ್ಡ್ ಹೀಗೆ ಯೋಚನೆ ಹರಿಯುತ್ತದೆ. ಮಗುವಿನ ಕಿವಿ ಹಿಂದೆ ಸೋರುತ್ತಿತ್ತು ಎಂಬುದನ್ನು ಹೇಳಬಲ್ಲವರು ಮನೆಯವರು ಮಾತ್ರ. ಈಗ ಸೋರುತ್ತಿಲ್ಲವಾದ್ದರಿಂದ ಹೇಳುವ ಅಗತ್ಯವಿಲ್ಲವೆಂದು ಅವರು ಭಾವಿಸುತ್ತಾರೆ. ಹೆಣ್ಣುಮಗುವಾದರೆ, ನಾಳೆ ಸಂಬಂಧ ಕೂಡಿಬರುವಾಗ ಅಡ್ಡಿಯಾದೀತೆಂದು ಮುಚ್ಚಿಡುವವರೂ ಇದ್ದಾರೆ. ರೋಗಪತ್ತೆಯ ಮೊದಲ ಸಾಧನ ಆಸ್ಪತ್ರೆಯಲ್ಲಿಲ್ಲ, ತಾಯಿಯ ನಾಲಿಗೆಯಲ್ಲಿದೆ ಎಂದು ನಾವು ಒತ್ತಿ ಹೇಳುವುದು ಇದಕ್ಕಾಗಿ.

ಸಂದೇಹ ಬಂದೊಡನೆ ಆಗಬೇಕಾದ್ದು ತಲೆಯ ಸ್ಕ್ಯಾನ್. ರಕ್ತನಾಳಕ್ಕೆ ಬಣ್ಣದ ಔಷಧಿ ಕೊಟ್ಟು ಸಿ.ಟಿ. ತೆಗೆದಾಗ, ನಡುವೆ ಕಪ್ಪಾದ ಕೀವು, ಸುತ್ತ ಬೆಳ್ಳಗೆ ಹೊಳೆಯುವ ಉಂಗುರ ಕಾಣುತ್ತದೆ. ಅದೇ ಚಿತ್ರದಲ್ಲಿ ಕಿವಿಯ ಎಲುಬು ಎಲ್ಲಿ ಸವೆದಿದೆಯೆಂಬುದೂ ತಿಳಿಯುತ್ತದೆ. ಎಂ.ಆರ್.ಐ. ಇನ್ನೂ ಸೂಕ್ಷ್ಮ, ಕುರುವೋ ಬೇರೆ ಗಡ್ಡೆಯೋ ಎಂಬುದನ್ನು ಬಹುಮಟ್ಟಿಗೆ ಬೇರ್ಪಡಿಸಿ ತೋರಿಸುತ್ತದೆ. ಬೆನ್ನುಮೂಳೆಯಿಂದ ನೀರು ತೆಗೆಯುವ ಪರೀಕ್ಷೆಯನ್ನು ಇಂಥ ಸಂದರ್ಭದಲ್ಲಿ ಸ್ಕ್ಯಾನ್ ನೋಡದೆ ಮಾಡುವುದಿಲ್ಲ. ತಲೆಯೊಳಗೆ ಒತ್ತಡ ಏರಿರುವಾಗ ಅದರಿಂದ ಪ್ರಾಣಾಪಾಯವಾಗಬಹುದು. ವೈದ್ಯರು ‘ಮೊದಲು ಸ್ಕ್ಯಾನ್’ ಎಂದರೆ ಖರ್ಚಿಗೆ ದಾರಿ ಮಾಡುತ್ತಿದ್ದಾರೆಂದು ತಪ್ಪು ತಿಳಿಯಬಾರದು.

ಈ ಯಂತ್ರ ಬಂದು ಬಹುಕಾಲವೇನೂ ಆಗಿಲ್ಲ. ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ ಸಿ.ಟಿ. ಯಂತ್ರದಿಂದ ಮೊದಲ ರೋಗಿಯ ಮಿದುಳನ್ನು ನೋಡಿದ್ದು 1971ರಲ್ಲಿ, ಲಂಡನ್ನಿನಲ್ಲಿ. 1979ರಲ್ಲಿ ಅವರಿಗೂ ಅಲನ್ ಕಾರ್ಮಾಕ್ ಅವರಿಗೂ ನೊಬೆಲ್ ಪ್ರಶಸ್ತಿ ಸಂದಿತು. ಹಿಂದೆ ಮಿದುಳಿನ ಕುರುವಾದ 100 ಜನರಲ್ಲಿ ಸುಮಾರು 40 ಮಂದಿ ಸಾಯುತ್ತಿದ್ದರು. ಸ್ಕ್ಯಾನ್, ಉತ್ತಮ ಔಷಧಿ, ಸುಧಾರಿಸಿದ ಶಸ್ತ್ರಕ್ರಮಗಳಿಂದ ಆ ಸಂಖ್ಯೆ ಇಂದು ಸುಮಾರು 10ಕ್ಕೆ ಇಳಿದಿದೆ. ಆದರೆ ಪ್ರಜ್ಞೆ ತಪ್ಪಿದ ಮೇಲೆ ಆಸ್ಪತ್ರೆ ಸೇರಿದವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅವರ ಅಪಾಯ ಇದಕ್ಕಿಂತ ಬಹಳ ಹೆಚ್ಚು.

ಚಿಕಿತ್ಸೆ

ಚಿಕಿತ್ಸೆಗೆ ಮೂರು ಅಂಗಗಳಿವೆ. ಒಂದು, ಔಷಧಿ. ಕಿವಿಯಿಂದ ಹೋದ ಕುರುವಿನಲ್ಲಿ ಹಲವು ಜಾತಿಯ ರೋಗಾಣುಗಳು ಸೇರಿರುವುದರಿಂದ ಒಂದಕ್ಕಿಂತ ಹೆಚ್ಚು ಆಂಟಿಬಯೊಟಿಕ್‌ಗಳನ್ನು ರಕ್ತನಾಳದ ಮೂಲಕ ಕೊಡಬೇಕಾಗುತ್ತದೆ. ಸಾಮಾನ್ಯವಾಗಿ ಆರರಿಂದ ಎಂಟು ವಾರಗಳ ಚಿಕಿತ್ಸೆ. ಹತ್ತು ದಿನಕ್ಕೇ ಮಗು ನಗತೊಡಗಿತೆಂದು ಊರಿಗೆ ಕರೆದೊಯ್ಯುವುದು ಮಾಡಿದ ಕೆಲಸವನ್ನೆಲ್ಲ ನೀರಿಗೆ ಹಾಕಿದಂತೆ.

ಎರಡು, ಕೀವನ್ನು ಹೊರತೆಗೆಯುವುದು. ತಲೆಬುರುಡೆಯಲ್ಲಿ ಸಣ್ಣ ರಂಧ್ರ ಮಾಡಿ ಸೂಜಿಯ ಮೂಲಕ ಕೀವನ್ನು ಹೀರುತ್ತಾರೆ. ಅದನ್ನು ಪ್ರಯೋಗಾಲಯಕ್ಕೆ ಕಳಿಸಿ ಯಾವ ಔಷಧಿಗೆ ರೋಗಾಣು ಸಾಯುತ್ತದೆಂದು ತಿಳಿಯುತ್ತಾರೆ. ಕೀವು ಮತ್ತೆ ಸೇರಿದರೆ ಮತ್ತೆ ಹೀರಬೇಕಾದೀತು. ಕೆಲವೊಮ್ಮೆ ಗೋಡೆಸಮೇತ ಗಡ್ಡೆಯನ್ನೇ ತೆಗೆಯುತ್ತಾರೆ. ತೀರ ಚಿಕ್ಕ ಕುರುವಾದರೆ ಔಷಧಿಯೊಂದರಿಂದಲೇ, ಪದೇ ಪದೇ ಸ್ಕ್ಯಾನ್ ಮಾಡಿ ನೋಡುತ್ತ, ಕರಗಿಸುವುದೂ ಉಂಟು.

ಮೂರು, ಮೂಲವನ್ನು ಕೀಳುವುದು. ಮಿದುಳಿನ ಕೀವು ತೆಗೆದು ಕಿವಿಯ ರೋಗವನ್ನು ಹಾಗೆಯೇ ಬಿಟ್ಟರೆ ಛಾವಣಿಯ ತೂತು ಮುಚ್ಚದೆ ನೆಲ ಒರೆಸಿದಂತಾಗುತ್ತದೆ. ಅದೇ ಸಂದರ್ಭದಲ್ಲೋ ಮಗು ಚೇತರಿಸಿಕೊಂಡ ಮೇಲೋ ಕಿವಿಯ ಹಿಂದಿನ ಎಲುಬನ್ನು ತೆರೆದು ರೋಗವನ್ನು ಪೂರ್ಣವಾಗಿ ಶುಚಿಗೊಳಿಸುತ್ತಾರೆ.

‘ಕಿವಿ ಆಪರೇಷನ್ ಮಾಡಿಸಿದರೆ ಮಗು ಕಿವುಡಾಗುವುದಿಲ್ಲವೇ?’ ಎಂದು ಅನೇಕರು ಕೇಳುತ್ತಾರೆ. ನೇರವಾದ ಉತ್ತರ ಇದು: ಅಪಾಯಕಾರಿ ಬಗೆಯ ರೋಗದಲ್ಲಿ ಶಸ್ತ್ರಚಿಕಿತ್ಸೆಯ ಮೊದಲ ಗುರಿ ಪ್ರಾಣ ಉಳಿಸುವುದು, ಎರಡನೆಯದು ಕಿವಿಯನ್ನು ಒಣಗಿಸುವುದು, ಮೂರನೆಯದು ಕೇಳುವ ಶಕ್ತಿ. ರೋಗವು ಕಿವಿಯ ಸಣ್ಣ ಎಲುಬುಗಳನ್ನು ಈಗಾಗಲೇ ತಿಂದಿದ್ದರೆ ಶ್ರವಣ ಮೊದಲಿನಂತಾಗದೆ ಇರಬಹುದು. ಅದಕ್ಕೆ ಮುಂದೆ ಬೇರೆ ಶಸ್ತ್ರಚಿಕಿತ್ಸೆಯೂ ಶ್ರವಣಯಂತ್ರವೂ ಇವೆ. ಹೋದ ಮಗುವಿಗೆ ಯಾವ ಯಂತ್ರವೂ ಇಲ್ಲ.

ಗುಣವಾದ ಮಕ್ಕಳಲ್ಲಿ ಕೆಲವರಿಗೆ ಪಿಟ್ಸ್ ಉಳಿಯಬಹುದು. ಅದರ ಮಾತ್ರೆಯನ್ನು ವೈದ್ಯರು ಹೇಳುವವರೆಗೆ ಒಂದು ಹೊತ್ತೂ ತಪ್ಪಿಸಬಾರದು. ಓದಿನಲ್ಲಿ ಹಿಂದೆ ಬಿದ್ದರೆ ಶಾಲೆಯ ಉಪಾಧ್ಯಾಯರಿಗೆ ವಿಷಯ ತಿಳಿಸಿ, ಸಹನೆಯಿಂದ ಕೈಹಿಡಿದು ನಡೆಸಬೇಕು.

ನಮ್ಮ ಬಡಾವಣೆಗಳಿಂದ ಎಲ್ಲಿಗೆ?

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಿಗೆ ಕಿವಿ, ಮೂಗು, ಗಂಟಲಿನ ತಜ್ಞರು ದೂರವಿಲ್ಲ. ವಿಮೆಯುಳ್ಳ ಕಾರ್ಮಿಕರ ಮನೆಯವರಿಗೆ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯಿದೆ, ಮಲ್ಲೇಶ್ವರದಲ್ಲಿ ಸರ್ಕಾರದ ಕೆ.ಸಿ. ಜನರಲ್ ಆಸ್ಪತ್ರೆಯಿದೆ. ಎರಡು ವಾರಕ್ಕೂ ಮೀರಿ ಸೋರುವ ಕಿವಿಯನ್ನು, ವಾಸನೆಯಿದ್ದರೆ ಅದಕ್ಕೂ ಮೊದಲೇ, ತಜ್ಞರಿಗೆ ತೋರಿಸಬೇಕು. ಒಮ್ಮೆ ತೋರಿಸಿ ಹನಿಮದ್ದಿನ ಚೀಟಿಯನ್ನೇ ವರ್ಷಾನುಗಟ್ಟಲೆ ಅಂಗಡಿಗೆ ಕೊಡುತ್ತಿರುವುದು ಚಿಕಿತ್ಸೆಯಲ್ಲ.

ಆದರೆ ಕಿವಿಯ ಇತಿಹಾಸವಿರುವ ಮಗುವಿಗೆ ತಲೆನೋವು, ವಾಂತಿ, ಮಂಪರು, ಪಿಟ್ಸ್, ತೂರಾಟ, ಕುತ್ತಿಗೆ ಬಿಗಿತ, ಬಾಯಿ ಒಂದು ಕಡೆಗೆ ಸೊಟ್ಟಗಾಗುವುದು, ಕಿವಿಯ ಹಿಂದೆ ಬಾವು ಬಂದು ಕಿವಿ ಮುಂದಕ್ಕೆ ಚಾಚಿಕೊಳ್ಳುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಬಡಾವಣೆಯ ದವಾಖಾನೆಯಲ್ಲಿ ಸಂಜೆಯ ಸರದಿಗಾಗಿ ಕಾಯಬಾರದು. ಸ್ಕ್ಯಾನ್, ಮಿದುಳಿನ ಶಸ್ತ್ರವೈದ್ಯರು, ಕಿವಿಯ ಶಸ್ತ್ರವೈದ್ಯರು ಇರುವ ದೊಡ್ಡ ಆಸ್ಪತ್ರೆಗೆ ಅದೇ ದಿನ ಹೋಗಬೇಕು. 2008ರ ನವೆಂಬರಿನಿಂದ ರಾಜ್ಯದಲ್ಲಿ ಓಡುತ್ತಿರುವ 108 ಆಂಬುಲೆನ್ಸ್ ಇದಕ್ಕಾಗಿಯೇ ಇರುವುದು.

ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆಯ ಹೆಸರು ಕೇಳಿದರೆ ‘ಅದು ಹುಚ್ಚಾಸ್ಪತ್ರೆಯಲ್ಲವೇ’ ಎಂದು ಹಿಂಜರಿಯುವ ಹಿರಿಯರು ಈಗಲೂ ಇದ್ದಾರೆ. ಅಲ್ಲಿದ್ದ ಮಾನಸಿಕ ಆಸ್ಪತ್ರೆಯನ್ನೂ 1954ರಲ್ಲಿ ಆರಂಭವಾದ ಅಖಿಲ ಭಾರತ ಸಂಸ್ಥೆಯನ್ನೂ 1974ರಲ್ಲಿ ಒಂದುಗೂಡಿಸಿ ನಿಮ್ಹಾನ್ಸ್ ರೂಪುಗೊಂಡಿತು. ಅದರ ಮೊದಲ ನಿರ್ದೇಶಕರಾದ ಡಾ. ಆರ್. ಎಂ. ವರ್ಮ ಅವರು ಮಿದುಳಿನ ಶಸ್ತ್ರವೈದ್ಯರೇ. ನರರೋಗ ಹಾಗೂ ಮಿದುಳಿನ ಶಸ್ತ್ರಚಿಕಿತ್ಸೆಗೆ ದೇಶದ ಪ್ರಮುಖ ಕೇಂದ್ರಗಳಲ್ಲೊಂದು ನಮ್ಮ ಊರಿನಲ್ಲೇ ಇದೆಯೆಂಬುದು ನಮ್ಮ ಭಾಗ್ಯ. ಹೆಸರಿನ ಅಳುಕಿಗೆ ಮಗುವಿನ ಒಂದು ದಿನವನ್ನು ಕಳೆಯಬಾರದು.

ಹಣದ ಚಿಂತೆಯೂ ಸಣ್ಣದಲ್ಲ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಪಡಿತರ ಚೀಟಿ, ಆಧಾರ್ ಕಾರ್ಡುಗಳನ್ನು ಜೊತೆಗಿಟ್ಟುಕೊಂಡು ಹೋಗಿ, ಆಸ್ಪತ್ರೆಯ ಸಹಾಯ ಕೇಂದ್ರದಲ್ಲಿ ವಿಚಾರಿಸಿ.

ಮನೆಯಲ್ಲಿ ಮಾಡಬೇಕಾದ್ದು

ಸೋರುವ ಕಿವಿಗೆ ಎಣ್ಣೆ ಹೊಯ್ಯಬೇಡಿ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ, ಎದೆಹಾಲು, ಸೊಪ್ಪಿನ ರಸ ಇವೆಲ್ಲ ತೂತಾದ ತಮಟೆಯ ಮೂಲಕ ನೇರವಾಗಿ ಒಳಗಿಳಿಯುತ್ತವೆ. ಹೇರ್‌ಪಿನ್ನು, ಬೆಂಕಿಕಡ್ಡಿ, ಹಕ್ಕಿಯ ಗರಿ ಯಾವುದನ್ನೂ ಕಿವಿಗೆ ಹಾಕಬೇಡಿ. ಬೀದಿಯಲ್ಲಿ ಗುಗ್ಗೆ ತೆಗೆಯುವವರ ಕೈಗೆ ಮಗುವಿನ ಕಿವಿ ಕೊಡಬೇಡಿ. ಎಣ್ಣೆಸ್ನಾನದ ದಿನವಾಗಲೀ ನಿತ್ಯದ ಸ್ನಾನದಲ್ಲಾಗಲೀ ವ್ಯಾಸಲೀನ್ ಸವರಿದ ಹತ್ತಿಯನ್ನು ಕಿವಿಯ ಬಾಯಿಗಿಟ್ಟು, ಸ್ನಾನವಾದೊಡನೆ ತೆಗೆಯಿರಿ. ಕೂಸಿಗೆ ಮಲಗಿಸಿಕೊಂಡು ಬಾಟಲಿಯ ಹಾಲು ಕುಡಿಸಬೇಡಿ. ಮನೆಯೊಳಗೆ ಬೀಡಿ ಸಿಗರೇಟಿನ ಹೊಗೆ ಬೇಡ. ದಡಾರದ ಲಸಿಕೆಯನ್ನೂ, 2021ರಿಂದ ಸರ್ಕಾರ ಉಚಿತವಾಗಿ ಕೊಡುತ್ತಿರುವ ನ್ಯುಮೋಕಾಕಸ್ ಲಸಿಕೆಯನ್ನೂ ತಪ್ಪಿಸಬೇಡಿ. ಇವೆರಡೂ ಕಿವಿಯ ಸೋಂಕನ್ನೂ ತಗ್ಗಿಸಲು ನೆರವಾಗುತ್ತವೆ.

ನಮ್ಮ ಪ್ರಸಾದ ನಿಲಯಗಳ ಮೇಲ್ವಿಚಾರಕರಲ್ಲಿ ಒಂದು ಪ್ರಾರ್ಥನೆ. ಊರು ಬಿಟ್ಟು ಓದಲು ಬಂದ ಹುಡುಗನ ದಿಂಬಿನ ಕಲೆಯನ್ನು ನೋಡುವ ತಾಯಿ ಅಲ್ಲಿರುವುದಿಲ್ಲ. ವಾಸನೆಯ ಕಾರಣಕ್ಕೆ ಜೊತೆಯವರು ದೂರ ಕುಳಿತರೆ ಅವನು ನಾಚಿ ಇನ್ನಷ್ಟು ಮುಚ್ಚಿಡುತ್ತಾನೆ. ಪ್ರತಿ ವರ್ಷ ಸೇರಿಸಿಕೊಳ್ಳುವಾಗ ‘ಕಿವಿ ಸೋರುತ್ತದೆಯೇ? ಹಿಂದೆ ಸೋರುತ್ತಿತ್ತೇ?’ ಎಂಬ ಎರಡು ಪ್ರಶ್ನೆಗಳನ್ನು ಅರ್ಜಿಯಲ್ಲಿ ಸೇರಿಸಿರಿ. ಸರ್ಕಾರಿ, ಅನುದಾನಿತ ಶಾಲೆಗಳ ಮಕ್ಕಳಿಗೆ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ತಪಾಸಣೆ ನಡೆಯುತ್ತಿದೆ. ಕಿವಿಯ ಸೋಂಕೂ ಅದರ ಪಟ್ಟಿಯಲ್ಲಿದೆ. ವೈದ್ಯರ ತಂಡ ಬಂದ ದಿನ ಇಂಥ ಮಕ್ಕಳನ್ನು ಮರೆಯದೆ ಮುಂದೆ ನಿಲ್ಲಿಸಿರಿ.

ಇಷ್ಟನ್ನು ಓದಿ ಸೋರುವ ಕಿವಿಯ ಪ್ರತಿ ಮಗುವಿಗೂ ಮಿದುಳಿನ ಕುರುವಾಗುತ್ತದೆಂದು ಹೆದರಬೇಕಾಗಿಲ್ಲ. ಅದು ಅಪರೂಪ, ಸಕಾಲದ ಕಿವಿಚಿಕಿತ್ಸೆಯಿಂದ ಬಹುಮಟ್ಟಿಗೆ ತಪ್ಪಿಸಬಹುದಾದ್ದು. ಆದರೆ ಎಂದಾದರೂ ತಲೆನೋವು, ವಾಂತಿಗಳೊಡನೆ ಮಗುವನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋಗುವ ದಿನ ಬಂದರೆ, ವೈದ್ಯರು ಕೇಳಲಿ ಬಿಡಲಿ, ಒಂದು ಮಾತನ್ನು ಮೊದಲಿಗೇ ಹೇಳಿರಿ: ‘ಡಾಕ್ಟರೇ, ಈ ಮಗುವಿಗೆ ಕಿವಿ ಸೋರುತ್ತಿತ್ತು, ಈಗ ನಿಂತಿದೆ.’